ಮಳೆಯಲ್ಲಿ ಯಾರು ನಿಧಾನಿಸಬೇಕು

ಈಗ ಪರದೆಯ ಮೇಲೆ ಕಾಣುತ್ತಿರುವುದು ಅಣ್ಣಿಗೇರಿ ದಾಟಿ ಹುಲಕೋಟಿಯ ಕಡೆಗೆ ಹೋಗುವ ರಸ್ತೆ. ಜುಲೈ ತಿಂಗಳ ಮಧ್ಯಾಹ್ನ, ಎರಡೂ ಬದಿಗೆ ಹೆಸರಿನ ಹೊಲ, ಮೇಲೆ ಮೂರು ದಿನದಿಂದ ಬಿಡದೆ ಹಿಡಿದ ಮಳೆ. ಚಿತ್ರ ಮಸುಕಾಗಿದ್ದರೆ ಕ್ಷಮಿಸಿ. ಮೊಬೈಲಿನ ಲೆನ್ಸನ್ನು ಅಂಗಿಯ ತುದಿಯಿಂದ ಎಷ್ಟು ಸಲ ಒರೆಸಿದರೂ ಮರುಕ್ಷಣವೇ ಹನಿ ಕೂಡುತ್ತಿತ್ತು. ಬಲಗಡೆಯ ಎರೆ ಹೊಲದಲ್ಲಿ ಮೂತಿ ಹುಗಿದು ನಿಂತಿರುವ ಬಿಳಿ ಕಾರು ನಮ್ಮದಲ್ಲ. ಹುಬ್ಬಳ್ಳಿಯಿಂದ ಗದಗಿಗೆ ಹೊರಟಿದ್ದ ನಾವು ಅದು ಜಾರಿದ್ದನ್ನು ಕಂಡು ನಿಂತೆವು. ಒಳಗಿದ್ದ ಗಂಡ ಹೆಂಡತಿ ಇಬ್ಬರಿಗೂ ಪುಣ್ಯಕ್ಕೆ ಪೆಟ್ಟಾಗಿರಲಿಲ್ಲ. ಒದ್ದೆಯಾದ ಎರೆ ಮಣ್ಣು ಗಾಲಿಗೆ ಹತ್ತಿತೆಂದರೆ ಸುಲಭಕ್ಕೆ ಬಿಡುವುದಿಲ್ಲವೆಂಬುದು ಈ ಭಾಗದವರಿಗೆಲ್ಲ ಗೊತ್ತಿದ್ದದ್ದೇ. ಎಂಟು ಹತ್ತು ಜನ ಕೂಡಿ ನೂಕಿದರೂ ಕಾರು ಅಲುಗಲಿಲ್ಲ. ಸಮೀಪದ ಹೊಲದವರೊಬ್ಬರು ಟ್ರ್ಯಾಕ್ಟರ್ ತರಲು ಹೋದರು.

ಆ ಟ್ರ್ಯಾಕ್ಟರ್ ಬರುವ ದಾರಿ ಕಾಯುತ್ತ ರಸ್ತೆಯ ಅಂಚಿನಲ್ಲಿ ನಿಂತಿದ್ದಾಗ ನನ್ನ ಎದೆಯಲ್ಲಿ ಒಂದು ಅಳುಕು ಎದ್ದಿತು. ಜೊತೆಗಿದ್ದವರಿಗೆ ಅದನ್ನು ಆಗ ಬಿಡಿಸಿ ಹೇಳಲಾಗಲಿಲ್ಲ. ಒಂದು ಕಾರು ಜಾರಿದ ಜಾಗದಲ್ಲಿ ಇನ್ನೊಂದೂ ಜಾರಬಹುದು, ಏಕೆಂದರೆ ಮೊದಲನೆಯದನ್ನು ಜಾರಿಸಿದ ನೀರು ಇನ್ನೂ ಅಲ್ಲಿಯೇ ನಿಂತಿರುತ್ತದೆ. ಆದರೆ ಎರಡನೆಯದು ಜಾರುವ ಹೊತ್ತಿಗೆ ಆ ಜಾಗದಲ್ಲಿ ಬರೀ ಮಣ್ಣಿರುವುದಿಲ್ಲ. ನೆರವಿಗೆ ಬಂದ ಜನರಿರುತ್ತಾರೆ, ಟ್ರ್ಯಾಕ್ಟರ್ ಇರುತ್ತದೆ. ಇದನ್ನು ನನಗೆ ಕಲಿಸಿದ್ದು ನಮ್ಮ ರಸ್ತೆಯಲ್ಲ, 2014ರ ಅಕ್ಟೋಬರ್ 5ರಂದು ಜಪಾನಿನ ಸುಜುಕಾದಲ್ಲಿ ನಡೆದ ಫಾರ್ಮುಲಾ ಒನ್ ರೇಸ್.

ಆ ಭಾನುವಾರ ಚೆನ್ನಾಗಿ ನೆನಪಿದೆ. ದಸರೆ ಆಗಷ್ಟೇ ಮುಗಿದಿತ್ತು. ಧಾರವಾಡದ ಸಪ್ತಾಪುರದಲ್ಲಿ ನಾವು ನಾಲ್ವರು ಗೆಳೆಯರು ಬಾಡಿಗೆಗೆ ಹಿಡಿದಿದ್ದ ಕೋಣೆಯ ಕಿಟಕಿಯಲ್ಲಿ, ಯಾರೋ ಬಂಗಾರವೆಂದು ಕೊಟ್ಟುಹೋದ ಬನ್ನಿ ಎಲೆಗಳು ಒಣಗುತ್ತ ಬಿದ್ದಿದ್ದವು. ನಮ್ಮಲ್ಲಿ ಹೊತ್ತು ಹನ್ನೊಂದೂವರೆ, ಅಲ್ಲಿ ಮಧ್ಯಾಹ್ನ ಮೂರು. ಚಂಡಮಾರುತವೊಂದು ಜಪಾನಿನತ್ತ ಬರುತ್ತಿದೆಯೆಂಬ ಸುದ್ದಿ ಮೊದಲೇ ಇದ್ದರೂ ರೇಸಿನ ವೇಳೆಯನ್ನು ಬದಲಿಸಿರಲಿಲ್ಲ. ಎಲ್ಲರ ಮುಂದೆ ನಿಧಾನವಾಗಿ ಸಾಗಿ ವೇಗ ಕಟ್ಟಿಹಾಕುವ ಸೇಫ್ಟಿ ಕಾರಿನ ಹಿಂದೆ ಆರಂಭವಾದ ರೇಸ್ ಎರಡೇ ಲ್ಯಾಪಿಗೆ, ಅಂದರೆ ಎರಡೇ ಸುತ್ತಿಗೆ, ನಿಂತು, ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಶುರುವಾಯಿತು. 42ನೆಯ ಲ್ಯಾಪಿನಲ್ಲಿ ಏಡ್ರಿಯನ್ ಸುಟಿಲ್ ಅವರ ಸೌಬರ್ ಕಾರು ಡನ್‌ಲಪ್ ತಿರುವಿನಲ್ಲಿ ಜಾರಿ ತಡೆಗೋಡೆಗೆ ಬಡಿಯಿತು. ಟ್ರ್ಯಾಕಿನ ಬದಿಗೆ ಕಾವಲಿರುವ ಮಾರ್ಷಲ್‌ಗಳು ಮುಂದೆ ಅಪಾಯವಿದೆಯೆಂದು ಎರಡೆರಡು ಹಳದಿ ಬಾವುಟ ಬೀಸಿದರು, ಕಾರನ್ನು ಎತ್ತಲು ಕ್ರೇನ್ ಇದ್ದ ಟ್ರ್ಯಾಕ್ಟರ್ ಬಂತು. ಮರು ಲ್ಯಾಪಿನಲ್ಲಿ ಅದೇ ತಿರುವಿನಲ್ಲಿ ಜೂಲ್ಸ್ ಬಿಯಾಂಕಿಯವರ ಮರೂಸಿಯಾ ಕಾರು ಜಾರಿತು. ಸುಮಾರು 700 ಕಿಲೋ ತೂಕದ ಕಾರು ಗಂಟೆಗೆ 126 ಕಿಲೋಮೀಟರ್ ವೇಗದಲ್ಲಿ 6,500 ಕಿಲೋ ತೂಕದ ಟ್ರ್ಯಾಕ್ಟರಿನ ಕೆಳಗೆ ಹೊಕ್ಕಿತು.

ಟಿ.ವಿ.ಯಲ್ಲಿ ಆ ಡಿಕ್ಕಿಯನ್ನು ತೋರಿಸಲಿಲ್ಲ. ತಂಡದವರು ಪರದೆಗಳನ್ನು ದಿಟ್ಟಿಸುತ್ತಿದ್ದ ಮುಖಗಳನ್ನು ತೋರಿಸಿದರು, ಮಳೆಯನ್ನು ತೋರಿಸಿದರು. ಗೆದ್ದವರು ವೇದಿಕೆ ಹತ್ತಿದಾಗ ಸಂಭ್ರಮವಿರಲಿಲ್ಲ. ಏನೋ ಆಗಬಾರದ್ದು ಆಗಿದೆ ಎಂದು ನಮಗೆ ಆ ಮುಖಗಳಿಂದಲೇ ತಿಳಿಯಿತು. ಬಿಯಾಂಕಿ ಒಂಬತ್ತು ತಿಂಗಳು ಪ್ರಜ್ಞೆ ಬಾರದೆ ಮಲಗಿ, 2015ರ ಜುಲೈ 17ರಂದು ತೀರಿಕೊಂಡರು. ಆಗ ಅವರಿಗೆ 25 ವರ್ಷ. 1994ರಲ್ಲಿ ಇಮೋಲಾದಲ್ಲಿ ಐರ್ಟನ್ ಸೆನ್ನಾ ಸತ್ತ ಮೇಲೆ, ಗ್ರ್ಯಾನ್ ಪ್ರಿಯಲ್ಲಿ, ಅಂದರೆ ಫಾರ್ಮುಲಾ ಒನ್ ರೇಸಿನಲ್ಲಿ, ಆದ ಗಾಯದಿಂದ ಪ್ರಾಣ ಬಿಟ್ಟ ಮೊದಲ ಚಾಲಕ ಇವರೇ.

ಅಪಘಾತದ ತನಿಖೆಗೆ ಈ ರೇಸುಗಳ ಜಾಗತಿಕ ಆಡಳಿತ ಸಂಸ್ಥೆಯಾದ ಎಫ್‌ಐಎ ನೇಮಿಸಿದ ಸಮಿತಿಯು ಹಲವು ಕಾರಣಗಳ ನಡುವೆ ಒಂದು ಮಾತು ಹೇಳಿತು: ಹಳದಿ ಬಾವುಟ ಕಂಡಮೇಲೂ ಬಿಯಾಂಕಿ ಸಾಕಷ್ಟು ನಿಧಾನಿಸಲಿಲ್ಲ. ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದವನ ಮೇಲೆ ತಪ್ಪು ಹೊರಿಸಿದರಲ್ಲ ಎಂದು ನಮ್ಮ ಕೋಣೆಯಲ್ಲಿ ಆಗ ಎಲ್ಲರಿಗೂ ಸಿಟ್ಟು ಬಂದಿತ್ತು. ವರ್ಷಗಳು ಕಳೆದ ಮೇಲೆ ನನಗೆ ತಿಳಿದದ್ದೇನೆಂದರೆ, ಆ ಮಾತು ಸುಳ್ಳಲ್ಲ, ಆದರೆ ಅರ್ಧಕ್ಕೆ ನಿಂತ ಮಾತು. ಎರಡು ಹಳದಿ ಬಾವುಟ ಕಂಡರೆ ನಿಲ್ಲಲು ಸಿದ್ಧವಾಗುವಷ್ಟು ನಿಧಾನಿಸಬೇಕೆಂದು ನಿಯಮ ಹೇಳುತ್ತಿತ್ತು. ಎಷ್ಟು ಎಂಬುದನ್ನು ಮಾತ್ರ ಚಾಲಕನ ವಿವೇಕಕ್ಕೆ ಬಿಟ್ಟಿತ್ತು. ತಾನು ಹೆಚ್ಚು ನಿಧಾನಿಸಿದರೆ ಹಿಂದಿನವನು ಹತ್ತಿರ ಬರುತ್ತಾನೆ, ಮುಂದಿನವನು ಕೈತಪ್ಪುತ್ತಾನೆ ಎಂಬುದು ಪ್ರತಿಯೊಬ್ಬ ಚಾಲಕನಿಗೂ ಗೊತ್ತು. ಹಾಗಾಗಿ ಎಲ್ಲರೂ ಒಂದಿಷ್ಟು ನಿಧಾನಿಸುತ್ತಾರೆ, ಬೇಕಾದಷ್ಟನ್ನು ಯಾರೂ ನಿಧಾನಿಸುವುದಿಲ್ಲ. ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲನ್ನೂ ಬಿಟ್ಟುಕೊಡಬಾರದೆಂದು ಎಂಟು ವರ್ಷದ ಮಗುವಿದ್ದಾಗಿನಿಂದ ಕಾರ್ಟಿಂಗ್ ಟ್ರ್ಯಾಕಿನಲ್ಲಿ ಕಲಿಸಿ, ಅದಕ್ಕಾಗಿಯೇ ಸಂಬಳ ಕೊಟ್ಟು, ಕೊನೆಗೆ ಮಳೆಯ ನಡುವೆ ನೀನೇ ತಿಳಿದು ಬಿಟ್ಟುಕೊಡು ಎನ್ನುವುದು ನ್ಯಾಯವಲ್ಲ.

2015ರಲ್ಲಿ ಬಂದ ವರ್ಚುವಲ್ ಸೇಫ್ಟಿ ಕಾರ್ ವ್ಯವಸ್ಥೆ ಆ ಭಾರವನ್ನು ಚಾಲಕನ ತಲೆಯಿಂದ ಇಳಿಸಿತು. ಅದನ್ನು ಘೋಷಿಸಿದ ಕೂಡಲೇ ಎಲ್ಲ ಕಾರುಗಳೂ ಗೊತ್ತುಪಡಿಸಿದ ಸಮಯಕ್ಕಿಂತ ವೇಗವಾಗಿ ಹೋಗುವಂತಿಲ್ಲ. ಮೀರಿದ್ದಾನೋ ಇಲ್ಲವೋ ಎಂಬುದು ಚಾಲಕನಿಗೆ ಸ್ಟೀರಿಂಗಿನ ಪರದೆಯಲ್ಲೇ ಕಾಣುತ್ತದೆ. ಎಲ್ಲರೂ ಒಂದೇ ಪ್ರಮಾಣದಲ್ಲಿ ನಿಧಾನಿಸುವುದರಿಂದ ಅಂತರ ಹಾಗೆಯೇ ಉಳಿಯುತ್ತದೆ, ನಿಧಾನಿಸಿದವನಿಗೆ ನಷ್ಟವಿಲ್ಲ. ಕತ್ತಲು ಕವಿಯುವುದಕ್ಕೆ ಕನಿಷ್ಠ ನಾಲ್ಕು ಗಂಟೆ ಮೊದಲು ರೇಸ್ ಆರಂಭವಾಗಬೇಕೆಂದೂ ಆ ಸಮಿತಿ ಹೇಳಿತ್ತು. 2015ರಲ್ಲೇ ಸುಜುಕಾ ರೇಸನ್ನು ಮಧ್ಯಾಹ್ನ ಎರಡಕ್ಕೇ ಇಟ್ಟರು. ಬಿಯಾಂಕಿಯವರ 17ನೆಯ ಸಂಖ್ಯೆಯನ್ನು ಇನ್ನು ಯಾರಿಗೂ ಕೊಡುವುದಿಲ್ಲವೆಂದು ತೀರ್ಮಾನವಾಯಿತು.

ಮಳೆಯ ರೇಸನ್ನು ನಾನು ಇಂದಿಗೂ ಪ್ರೀತಿಸುತ್ತೇನೆ. 1993ರಲ್ಲಿ ಡೊನಿಂಗ್ಟನ್‌ನಲ್ಲಿ ಸೆನ್ನಾ ಮೊದಲ ಸುತ್ತಿನಲ್ಲೇ ಐದನೆಯ ಸ್ಥಾನದಿಂದ ಮೊದಲ ಸ್ಥಾನಕ್ಕೆ ಬಂದ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. 2024ರ ನವೆಂಬರಿನಲ್ಲಿ ಬ್ರೆಜಿಲಿನ ಇಂಟರ್‌ಲಾಗೋಸ್‌ನಲ್ಲಿ ಮ್ಯಾಕ್ಸ್ ವರ್‌ಸ್ಟ್ಯಾಪನ್ 17ನೆಯ ಸ್ಥಾನದಿಂದ ಹೊರಟು ಗೆದ್ದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಮಳೆಯಲ್ಲಿಯೇ ಚಾಲಕನ ನಿಜವಾದ ಕಸುಬು ಗೊತ್ತಾಗುವುದು ಎಂಬ ಮಾತನ್ನು ಒಪ್ಪುತ್ತೇನೆ. ಆದರೆ ಕಸುಬು ಕೆಲಸಕ್ಕೆ ಬರುವುದು ಹಿಡಿತದ ವಿಷಯದಲ್ಲಿ ಮಾತ್ರ. ಜಾರುವ ನೆಲದ ಮೇಲೆ ಪಾದದ ತುದಿಯಿಂದ ಆಕ್ಸಲರೇಟರನ್ನು ಎಷ್ಟು ಒತ್ತಬೇಕೆಂಬುದು ಕಲಿಯಬಹುದಾದ ವಿದ್ಯೆ. ಎದುರಿಗೆ ನಿಂತ ಕಾರು ಕಾಣದೇ ಇದ್ದರೆ ಅದಕ್ಕೆ ಯಾವ ವಿದ್ಯೆಯೂ ಇಲ್ಲ.

ಈ ಕಾಣದಿರುವಿಕೆ ಎಂಥದು ಎಂಬುದನ್ನು ನಮ್ಮ ಓಣಿಯ ಲೆಕ್ಕದಲ್ಲಿ ಹೇಳುತ್ತೇನೆ. ಈಗ ತೋರಿಸುತ್ತಿರುವ ನೀಲಿ ಬ್ಯಾರಲ್ ನಮ್ಮ ಹಿತ್ತಲಿನದು, 200 ಲೀಟರ್ ಹಿಡಿಯುತ್ತದೆ. ನಳಕ್ಕೆ ವಾರಕ್ಕೊಮ್ಮೆ ನೀರು ಬರುವ ನಮ್ಮ ಓಣಿಯಲ್ಲಿ ಇದು ತುಂಬಿತೆಂದರೆ ಮನೆಗೆ ಒಂದು ನೆಮ್ಮದಿ. ಫಾರ್ಮುಲಾ ಒನ್ ಕಾರಿಗೆ ಜೋರು ಮಳೆಯಲ್ಲಿ ಹಾಕುವ ಫುಲ್ ವೆಟ್ ಟಯರು, ಅಂದರೆ ಬದಿಯಲ್ಲಿ ನೀಲಿ ಗುರುತಿರುವುದು, ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 85 ಲೀಟರಿನಷ್ಟು ನೀರನ್ನು ನೆಲದಿಂದ ಎತ್ತಿ ಎಸೆಯಬಲ್ಲದೆಂದು ತಯಾರಕರಾದ ಪಿರೆಲ್ಲಿಯವರ ಲೆಕ್ಕ. ನಾಲ್ಕು ಟಯರಿಗೆ ಗುಣಿಸಿದರೆ ಸೆಕೆಂಡಿಗೆ ಒಂದೂವರೆ ಬ್ಯಾರಲ್‌ಗಿಂತ ಹೆಚ್ಚು. ಆ ನೀರು ಇಂಗಿಹೋಗುವುದಿಲ್ಲ. ಹೊಗೆಯಂತೆ ಪುಡಿಯಾಗಿ ಗಾಳಿಯಲ್ಲಿ ನಿಲ್ಲುತ್ತದೆ, ಹಿಂದಿನ ಚಾಲಕ ಅದರೊಳಗೆ ನುಗ್ಗುತ್ತಾನೆ. ಮುಂದಿನ ಕಾರಿನ ಹಿಂಬದಿಯಲ್ಲಿ ಮಿನುಗುವ ಕೆಂಪು ದೀಪವೊಂದೇ ಅವನಿಗೆ ಗುರುತು, ಎಷ್ಟೋ ಸಲ ಅದೂ ಇಲ್ಲ. ಟಯರು ಚೆನ್ನಾಗಿ ಕೆಲಸ ಮಾಡಿದಷ್ಟೂ ಹಿಂದಿನವನ ಕಣ್ಣು ಕಟ್ಟುತ್ತದೆ. ಮಡ್‌ಗಾರ್ಡಿನಂಥ ಹೊದಿಕೆಗಳನ್ನು 2023ರಲ್ಲಿ ಮತ್ತು 2024ರಲ್ಲಿ ಪರೀಕ್ಷಿಸಿ ನೋಡಿದರು. ಸಾಕಾಗಲಿಲ್ಲ, ಏಕೆಂದರೆ ನೀರು ಏಳುವುದು ಗಾಲಿಯಿಂದ ಮಾತ್ರವಲ್ಲ, ಕಾರಿನ ತಳದಿಂದಲೂ ಏಳುತ್ತದೆ. ಮಳೆಗಾಲದ ರಾತ್ರಿ ಹುಬ್ಬಳ್ಳಿ ಧಾರವಾಡ ಬೈಪಾಸಿನಲ್ಲಿ ಲಾರಿಯೊಂದರ ಬೆನ್ನಿಗೆ ಬೈಕ್ ಓಡಿಸಿದವರಿಗೆ ಇದರ ನೂರರಲ್ಲೊಂದು ಪಾಲು ಗೊತ್ತಿದೆ.

ಬೆಲ್ಜಿಯಂನ ಸ್ಪಾ ಟ್ರ್ಯಾಕು ಏಳು ಕಿಲೋಮೀಟರ್ ಉದ್ದ, ಆರ್ಡೆನ್ ಕಾಡಿನ ಗುಡ್ಡಗಳ ನಡುವೆ ಹಾದುಹೋಗುತ್ತದೆ. ಒಂದು ತಿರುವಿನಲ್ಲಿ ಮಳೆ, ಇನ್ನೊಂದರಲ್ಲಿ ಒಣ ನೆಲ. ಧಾರವಾಡದಲ್ಲಿ ಜಿಟಿಜಿಟಿ ಹಿಡಿದಿದ್ದಾಗ ಹುಬ್ಬಳ್ಳಿಯಲ್ಲಿ ಬಿಸಿಲು ಬಿದ್ದಿರುವುದನ್ನು ಕಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ. 2021ರ ಆಗಸ್ಟ್ 28ರ ಶನಿವಾರ ಅಲ್ಲಿ, ರೇಸಿನಲ್ಲಿ ಯಾರು ಯಾವ ಸ್ಥಾನದಿಂದ ಹೊರಡಬೇಕೆಂದು ತೀರ್ಮಾನಿಸುವ ಅರ್ಹತಾ ಸುತ್ತು ನಡೆದಿತ್ತು. ಮಳೆ ಜೋರಾದಾಗ ಸೆಬಾಸ್ಟಿಯನ್ ವೆಟೆಲ್ ರೇಡಿಯೋದಲ್ಲಿ, ಓಟವನ್ನೇ ನಿಲ್ಲಿಸುವ ಕೆಂಪು ಬಾವುಟ ಬೇಕೆಂದು ಕೇಳಿದರು. ಬಾವುಟ ಬರುವ ಮೊದಲೇ ಲ್ಯಾಂಡೋ ನಾರಿಸ್ ಅವರ ಕಾರು ಓ ರೂಜ್ ಎಂಬ ಏರಿನಲ್ಲಿ ಗೋಡೆಗೆ ಬಡಿದು ಬುಗುರಿಯಂತೆ ತಿರುಗಿತು. ವೆಟೆಲ್ ಪಕ್ಕದಲ್ಲಿ ತಮ್ಮ ಕಾರನ್ನು ನಿಧಾನಿಸಿ, ನಾರಿಸ್ ಹೆಬ್ಬೆರಳು ಎತ್ತಿ ತೋರಿಸಿದ ಮೇಲೆಯೇ ಮುಂದೆ ಹೋದರು. ನಾನು ನೋಡಿದ ಎಷ್ಟೋ ಗೆಲುವುಗಳಿಗಿಂತ ಆ ಕೆಲವು ಕ್ಷಣಗಳು ನನಗೆ ದೊಡ್ಡವು.

ಮರುದಿನದ ರೇಸ್ ನಮ್ಮ ಸಂಜೆ ಆರೂವರೆಗೆ ಆರಂಭವಾಗಬೇಕಿತ್ತು. ರಾತ್ರಿ ಹತ್ತರ ಸುಮಾರಿಗೆ ಸೇಫ್ಟಿ ಕಾರಿನ ಹಿಂದೆ ಕೆಲವೇ ಸುತ್ತು ಹಾಕಿಸಿ, ಅದನ್ನೇ ಫಲಿತಾಂಶವೆಂದು ಘೋಷಿಸಿ ಅರ್ಧ ಅಂಕ ಹಂಚಿದರು. ಅಭಿಮಾನಿಗಳು ಸಿಟ್ಟಿಗೆದ್ದರು, ನನಗೂ ಸಿಟ್ಟು ಬಂತು. ಆದರೆ ರೇಸ್ ನಡೆಸಲಿಲ್ಲವೆಂಬುದಕ್ಕಲ್ಲ, ನಡೆಸಿದಂತೆ ತೋರಿಸಿದ್ದಕ್ಕೆ. ದಿನವಿಡೀ ಮಳೆಯಲ್ಲಿ ನೆನೆದು ಕೂತ ಜನರಿಗೆ ಇವತ್ತು ಆಗುವುದಿಲ್ಲವೆಂದು ನೇರವಾಗಿ ಹೇಳುವುದೇ ಮರ್ಯಾದೆಯಾಗಿತ್ತು. ಸೇಫ್ಟಿ ಕಾರ್ ಇಲ್ಲದೆ ಕನಿಷ್ಠ ಎರಡು ಲ್ಯಾಪ್ ಓಡದಿದ್ದರೆ ಅಂಕವೇ ಇಲ್ಲವೆಂಬ ನಿಯಮ ಮರುವರ್ಷ ಬಂತು.

ಅಷ್ಟಾದರೂ 2022ರ ಅಕ್ಟೋಬರಿನಲ್ಲಿ, ಅದೇ ಸುಜುಕಾದಲ್ಲಿ, ಅಂಥದೇ ಮಳೆಯಲ್ಲಿ, ಕಾರುಗಳು ಇನ್ನೂ ಓಡುತ್ತಿರುವಾಗಲೇ ಟ್ರ್ಯಾಕಿಗೆ ಟ್ರ್ಯಾಕ್ಟರ್ ಇಳಿಯಿತು. ಪಿಯರ್ ಗ್ಯಾಸ್ಲಿ ಅದರ ಪಕ್ಕದಲ್ಲೇ ಹಾದುಹೋದರು, ನೀರಿನ ಮಬ್ಬಿನಲ್ಲಿ ಅದು ಅವರಿಗೆ ಕಂಡದ್ದು ತೀರ ಹತ್ತಿರಕ್ಕೆ ಬಂದ ಮೇಲೆ. ರೇಡಿಯೋದಲ್ಲಿ ಅವರು ಕೂಗಿದ ಕೂಗನ್ನು ಕೇಳಿ ನನಗೆ ಸಪ್ತಾಪುರದ ಆ ಕೋಣೆ ಕಣ್ಣೆದುರು ಬಂತು. ಅದೇ ದಿನ ಗ್ಯಾಸ್ಲಿಯವರಿಗೆ ದಂಡನೆಯೂ ಆಯಿತು: ಕೆಂಪು ಬಾವುಟ ಬಿದ್ದ ಮೇಲೂ ಅವರು ಗಂಟೆಗೆ 200 ಕಿಲೋಮೀಟರ್ ಮೀರಿದ ವೇಗದಲ್ಲಿ ಹೋಗಿದ್ದರು. ಇದನ್ನು ಹಿಡಿದು ಅವರ ಸಿಟ್ಟಿಗೆ ಬೆಲೆಯಿಲ್ಲ ಎಂದವರಿದ್ದಾರೆ. ನಾನು ಹಾಗೆ ಹೇಳಲಾರೆ. ಟ್ರ್ಯಾಕ್ಟರ್ ಅಲ್ಲಿ ಇರಬಾರದಿತ್ತು, ಅವರು ಅಷ್ಟು ವೇಗದಲ್ಲಿ ಹೋಗಬಾರದಿತ್ತು, ಎರಡೂ ನಿಜ. ಎರಡನೆಯದು ಯಾವಾಗಲೂ ಆಗುವಂಥದೆಂದು ತಿಳಿದೇ ಮೊದಲನೆಯದನ್ನು ತಡೆಯಬೇಕು.

ತಾನಾಗಿಯೇ ನಿಲ್ಲಿಸಿದ ಚಾಲಕ ಒಬ್ಬರಿದ್ದರು. 1976ರಲ್ಲಿ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಬೆಂಕಿಗೆ ಸಿಕ್ಕು ಸಾವಿನ ಬಾಗಿಲಿಗೆ ಹೋಗಿ ಬಂದ ನಿಕಿ ಲೌಡಾ, ಅದೇ ವರ್ಷದ ಕೊನೆಯ ರೇಸಿನಲ್ಲಿ, ಫ್ಯೂಜಿಯ ಮಳೆಯಲ್ಲಿ, ಎರಡು ಲ್ಯಾಪ್ ಓಡಿಸಿ ಕಾರಿನಿಂದ ಇಳಿದರು. ಚಾಂಪಿಯನ್ ಪಟ್ಟ ಒಂದೇ ಅಂಕದಿಂದ ಜೇಮ್ಸ್ ಹಂಟ್ ಅವರ ಪಾಲಾಯಿತು. ಲೌಡಾ ಅವರ ಧೈರ್ಯವನ್ನು ಎಲ್ಲರೂ ಕೊಂಡಾಡುತ್ತಾರೆ, ನಾನೂ ಕೊಂಡಾಡುತ್ತೇನೆ. ಆದರೆ ಬದುಕಿ ಉಳಿಯಲು ಅಷ್ಟು ದೊಡ್ಡ ಬೆಲೆ ತೆರಬೇಕಾದ ಸ್ಥಿತಿಗೆ ಚಾಲಕನನ್ನು ತಂದು ನಿಲ್ಲಿಸಿದವರ ಬಗ್ಗೆಯೂ ಮಾತಾಡಬೇಕು. ಅಪಾಯ ಚಾಲಕರಿಗಷ್ಟೇ ಎಂದೂ ತಿಳಿಯಬಾರದು. 2013ರಲ್ಲಿ ಕೆನಡಾ ರೇಸಿನ ಬಳಿಕ, ರೇಸಿನಿಂದ ಹೊರಬಿದ್ದ ಕಾರನ್ನು ಒಯ್ಯುತ್ತಿದ್ದ ವಾಹನದ ಗಾಲಿಗೇ ಸಿಕ್ಕು ಮಾರ್ಷಲ್ ಒಬ್ಬರು ತೀರಿಕೊಂಡರು. ಆಟದ ಮೇಲಿನ ಪ್ರೀತಿಯಿಂದ ಬಾವುಟ ಹಿಡಿದು ನಿಲ್ಲುವ ಜನ ಅವರು.

ಮತ್ತೆ ಹುಲಕೋಟಿಯ ರಸ್ತೆಗೆ ಬರೋಣ. ಟ್ರ್ಯಾಕ್ಟರ್ ಬಂತು. ಓಡಿಸುತ್ತಿದ್ದವರು ಅರವತ್ತರ ಹತ್ತಿರದವರು, ತಲೆಗೆ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ಹಾಕಿಕೊಂಡಿದ್ದರು. ಮಡ್‌ಗಾರ್ಡಿನ ಮೇಲೆ ಹದಿನಾಲ್ಕು ವರ್ಷದ ಮೊಮ್ಮಗ. ನಾವೆಲ್ಲ ಸರಪಳಿ ಹಿಡಿದು ಕಾರಿನತ್ತ ಓಡಿದೆವು. ಅವರು ಇಳಿಯಲೇ ಇಲ್ಲ. ಹೆಗಲ ಮೇಲಿನ ಕೆಂಪು ವಲ್ಲಿಯನ್ನು ಹುಡುಗನ ಕೈಗೆ ಕೊಟ್ಟು, ಹಿಂದಿನ ತಿರುವಿನವರೆಗೆ ಹೋಗು, ರಸ್ತೆಯ ಮೇಲೆ ನಿಲ್ಲಬೇಡ, ಬದುವಿನ ಮೇಲೆ ನಿಂತು ಬೀಸು ಎಂದರು. ಕಾರಿನವರು ಅವಸರ ಮಾಡಿದಾಗ ಅವರು ಹೇಳಿದ ಮಾತು ಮಳೆಯ ಸದ್ದಿನಲ್ಲೂ ಇಲ್ಲಿ ದಾಖಲಾಗಿದೆ: "ಹುಡುಗ ಅಲ್ಲಿ ಮುಟ್ಲಿ, ಆಮ್ಯಾಲೆ ಸರಪಳಿ ಹಾಕೋಣು."

ದೂರದಲ್ಲಿ ಕಾಣುವ ಆ ಕೆಂಪು ಚುಕ್ಕೆಯೇ ಆ ಹುಡುಗ. ಗದಗಿನ ಬಸ್ಸೊಂದು ಬಂತು, ಅವನನ್ನು ಕಂಡು ತಿರುವಿನಲ್ಲೇ ವೇಗ ಇಳಿಸಿ ನಿಂತಿತು. ಅದರ ಹಿಂದೆ ಎರಡು ಲಾರಿಗಳೂ ನಿಂತವು. ಕಾರನ್ನು ಎಳೆದು ರಸ್ತೆಗೆ ತರಲು ಇಪ್ಪತ್ತು ನಿಮಿಷ ಹಿಡಿಯಿತು, ಅಷ್ಟು ಹೊತ್ತೂ ಅವನು ವಲ್ಲಿ ಬೀಸುವುದನ್ನು ಬಿಡಲಿಲ್ಲ. ಅಜ್ಜ ಶಿಳ್ಳೆ ಹಾಕಿದ ಮೇಲೆ ಓಡುತ್ತ ಬಂದು, ವಲ್ಲಿಯನ್ನು ಹಿಂಡಿ ಅಜ್ಜನ ಹೆಗಲಿಗೆ ಹಾಕಿ, ಮತ್ತೆ ಮಡ್‌ಗಾರ್ಡಿನ ಮೇಲೆ ಹತ್ತಿ ಕೂತ.