ಮೀಟರ್ ಬಿಚ್ಚೋ ಮೊದಲು ಅರ್ಥ್ ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ಮಾರುತಿ 800 ತಯಾರಿಕೆ 2014ರಲ್ಲೇ ನಿಂತುಹೋಯ್ತು. ಆದರೂ ಮಾರೋಕೆ ಮನಸ್ಸು ಬಾರದೆ ಇವತ್ತಿಗೂ ಅದನ್ನೇ ಓಡಿಸ್ತಿರೋರು ಈ ಮಲೆನಾಡಲ್ಲಿ ಬೇಕಾದಷ್ಟು ಜನ ಇದ್ದೀರಿ. ಈ ಮಾತು ನಿಮಗೇ. ಪೆಟ್ರೋಲ್ ಮೀಟರಿನ ಮುಳ್ಳು ಮೇಲೇಳ್ತಿಲ್ಲ ಅಂದ ತಕ್ಷಣ ಡ್ಯಾಶ್‌ಬೋರ್ಡಿಗೆ ಸ್ಕ್ರೂ ಡ್ರೈವರ್ ಹಾಕಬೇಡಿ. ಮೊದಲು ಅರ್ಥ್ ನೋಡಿ.

ಟ್ಯಾಂಕಿನೊಳಗೆ ಒಂದು ಫ್ಲೋಟ್ ತೇಲ್ತಿರುತ್ತೆ. ಪೆಟ್ರೋಲ್ ಇಳಿದ ಹಾಗೆ ಅದೂ ಇಳಿಯುತ್ತೆ. ಅದಕ್ಕೆ ಜೋಡಿಸಿದ ಯೂನಿಟ್ಟಿನಲ್ಲಿ ಕರೆಂಟಿಗೆ ತಡೆ ಹೆಚ್ಚು ಕಮ್ಮಿ ಆಗುತ್ತೆ. ಟ್ಯಾಂಕ್ ತುಂಬಿದ್ರೆ ತಡೆ ಕಮ್ಮಿ, ಮುಳ್ಳು ಮೇಲೆ. ಖಾಲಿಯಾದ್ರೆ ತಡೆ ಜಾಸ್ತಿ, ಮುಳ್ಳು ಕೆಳಗೆ. ಇಷ್ಟೇ ವಿದ್ಯೆ. ಮೀಟರಿನಿಂದ ಬಂದ ಕರೆಂಟು ಈ ಯೂನಿಟ್ ದಾಟಿ ಗಾಡಿಯ ಲೋಹದ ಮೈಗೆ ಸೇರಬೇಕು. ಸೇರೋ ಜಾಗವೇ ಅರ್ಥ್. ಅಲ್ಲಿ ತುಕ್ಕು ಕೂತ್ರೆ ಫುಲ್ ಟ್ಯಾಂಕ್ ಇದ್ರೂ ಮೀಟರು ಖಾಲಿ ಅನ್ನುತ್ತೆ. ಪಾಪ, ಮೀಟರಿನದೇನು ತಪ್ಪು?

ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಶೆಡ್ಡಿಗೆ ಬಂದಿದ್ರು. ಹೆಂಡತಿನೂ ಜೊತೆಗಿದ್ರು. ಯಾರದೋ ಮಾತು ಕೇಳಿ ಗುಜರಿಯಿಂದ ಒಂದು ಮೀಟರ್ ತಂದು ಹಾಕಿಸಿ, ಅದೂ ಸರಿಯಿಲ್ಲ ಅಂತ ಮತ್ತೊಂದು ತಂದು ಹಾಕಿಸಿದ್ರಂತೆ. ಅದೂ ಕೈಕೊಟ್ಟ ಮೇಲೆ ತಮ್ಮದೇ ಉಪಾಯ ಕಂಡುಕೊಂಡಿದ್ರು. ಬೆಳಿಗ್ಗೆ ಹೊರಡೋ ಮೊದಲು ಮೇಷ್ಟ್ರು ಕಾರನ್ನ ಹಿಂದಿನಿಂದ ಅಲ್ಲಾಡಿಸೋದು, ಅಮ್ಮಾವ್ರು ಹಿಂದಿನ ಸೀಟಲ್ಲಿ ಕಿವಿಗೊಟ್ಟು ಕೂತು, "ಇದೆ ರೀ, ಆಗುಂಬೆ ತನಕ ಸಾಕು" ಅನ್ನೋದು! "ಅವಳ ಲೆಕ್ಕ ಒಂದು ಸಲವೂ ತಪ್ಪಿಲ್ಲ ಕಣಪ್ಪಾ" ಅಂತ ಮೇಷ್ಟ್ರಿಗೆ ಹೆಮ್ಮೆ ಬೇರೆ. ನಾನು ಕೀ ಆನ್ ಮಾಡಿದೆ. ಮುಳ್ಳು ಕಾಲುಭಾಗದಲ್ಲಿ ನಿಂತಿತ್ತು. "ಮೇಷ್ಟ್ರೇ, ಬ್ರೇಕ್ ಒತ್ತಿ ಹಿಡ್ಕೊಳ್ಳಿ" ಅಂದೆ. ಹಿಂದೆ ಕೆಂಪು ಲೈಟು ಮಂಕಾಗಿ ಹತ್ತಿತು, ಇಲ್ಲಿ ಮುಳ್ಳು ಮೆಲ್ಲಗೆ ಕೆಳಗೆ ಜಾರಿತು. ಬ್ರೇಕ್ ಬಿಟ್ರೆ ಮತ್ತೆ ಕಾಲುಭಾಗಕ್ಕೆ ಬಂತು. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ಹಿಂದಿನ ಲೈಟಿಗೂ ಟ್ಯಾಂಕ್ ಯೂನಿಟ್ಟಿಗೂ ಸೇರಿದ ಅರ್ಥ್ ಕೆಟ್ಟಿತ್ತು. ಬೋಲ್ಟ್ ಬಿಚ್ಚಿದ್ರೆ ರಿಂಗಿನ ಅಡಿ ತುಕ್ಕಿನ ಪುಡಿ. ಎಮರಿ ಪೇಪರಲ್ಲಿ ಲೋಹ ಹೊಳೆಯೋ ಹಾಗೆ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಹಚ್ಚಿದೆ. ಮುಳ್ಳು ಮುಕ್ಕಾಲಿಗೆ ಬಂತು. ಅಮ್ಮಾವ್ರು, "ನಾನು ಹೇಳಿರಲಿಲ್ವಾ, ಮುಕ್ಕಾಲು ಇದೆ ಅಂತ!" ಅಂದ್ರು. ಎಮರಿ ಪೇಪರಿನ ಖರ್ಚು ಎಷ್ಟು, ಆ ಎರಡು ಮೀಟರಿಗೆ ಕೊಟ್ಟದ್ದೆಷ್ಟು, ಮೇಷ್ಟ್ರೇ ಕೂತು ಲೆಕ್ಕ ಹಾಕಿದ್ರು.

ಗಾಜಿನ ಆಚೆಯಿಂದ ಟೈಮಾಯ್ತು ಅಂತ ಸನ್ನೆ ಮಾಡ್ತಿದ್ದಾರೆ, ಬೇಗ ಹೇಳಿಬಿಡ್ತೀನಿ. ಅರ್ಥ್ ಸರಿಯಿದ್ದೂ ಮುಳ್ಳು ಏಳದಿದ್ರೆ, ಕೀ ಆಫ್ ಮಾಡಿ ಟ್ಯಾಂಕ್ ಯೂನಿಟ್ಟಿನಿಂದ ಮೀಟರಿಗೆ ಹೋಗೋ ವೈರ್ ಕಳಚಿ. ಒಂದು ಸಣ್ಣ ಮೀಟರ್ ಬಲ್ಬಿನ ಮೂಲಕ ಆ ವೈರನ್ನ ಗಾಡಿಯ ಲೋಹದ ಮೈಗೆ ಸೇರಿಸಿ, ಆಮೇಲೆ ಕೀ ಆನ್ ಮಾಡಿ. ಮುಳ್ಳು ಎದ್ರೆ ಮೀಟರ್ ಗಟ್ಟಿಮುಟ್ಟಾಗಿದೆ, ಕೆಟ್ಟಿರೋದು ಟ್ಯಾಂಕ್ ಯೂನಿಟ್. ಏಳದಿದ್ರೆ ಫ್ಯೂಸ್, ವೈರ್ ನೋಡಿ, ಅವೂ ಸರಿಯಿದ್ರೆ ಮಾತ್ರ ಮೀಟರಿಗೆ ಬನ್ನಿ. ವೈರ್ ಜೋಡಿಸೋವಾಗ ಕೀ ಆಫ್ ಇರಲೇಬೇಕು. ಟ್ಯಾಂಕ್ ಹತ್ತಿರ ಕಿಡಿ ಹಾರಬಾರದು, ಬೀಡಿ ಸಿಗರೇಟು ದೂರ. ಟ್ಯಾಂಕ್ ಬಾಯಿ ತೆರೆಯೋ ಕೆಲಸ ಮನೇಲಿ ಬೇಡ.

ಇನ್ನೊಂದು. ಕೆಲವು ಹಳೇ ಗಾಡಿಗಳಲ್ಲಿ ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೇ ಹುಚ್ಚಾಟ ಆಡ್ತವೆ. ಅಲ್ಲಿ ಮೀಟರುಗಳಿಗೆ 12 ವೋಲ್ಟನ್ನ ಸುಮಾರು 10ಕ್ಕೆ ಇಳಿಸಿ ಕೊಡೋ ಸ್ಟೆಬಿಲೈಜರ್ ಅನ್ನೋ ಪುಟ್ಟ ಡಬ್ಬಿ ಇರುತ್ತೆ, ಅನುಮಾನ ಅದರ ಮೇಲೆ. ಆ ಡಬ್ಬಿಗೂ ಅರ್ಥ್ ಬೇಕು, ಮೊದಲು ಅದನ್ನೇ ನೋಡಿ. ಮೆಕ್ಯಾನಿಕ್ಕು "ಮೀಟರ್ ಹೋಗಿದೆ ಸಾರ್" ಅಂದ್ರೆ "ಅರ್ಥ್ ನೋಡಿದ್ಯೇನಪ್ಪಾ?" ಅಂತ ಕೇಳಿ, ಸಂಕೋಚ ಬೇಡ. ನಮಸ್ಕಾರ.