ಕಬ್ಬಿನ ಹಾಲು, ಕಾರಿನ ಟ್ಯಾಂಕು: ತೈಲ ಬಿಕ್ಕಟ್ಟಿನಿಂದ ಬ್ರೆಜಿಲ್‌ಗೆ ಒಳ್ಳೇದಾಯ್ತಾ?

[ದೃಶ್ಯ: ಸಾವೊ ಪಾಲೊದ ಒಂದು ಬಂಕ್. ಒಂದೇ ಪಂಪ್, ಎರಡು ನಳಿಕೆ]

ಬ್ರೆಜಿಲ್‌ನಲ್ಲಿ ಬಂಕಿಗೆ ಬಂದ ಕಾರಿನವರು ಇಳಿಯೋ ಮೊದಲೇ ಒಂದು ಲೆಕ್ಕ ಹಾಕ್ತಾರೆ. ಪೆಟ್ರೋಲ್ ಬೆಲೆ ಗುಣಿಸು 0.7. ಯಾಕಂದ್ರೆ ಎಥನಾಲ್, ಅಂದ್ರೆ ಕಬ್ಬಿನಿಂದ ಮಾಡೋ ಆಲ್ಕೋಹಾಲ್, ಲೀಟರಿಗೆ ಪೆಟ್ರೋಲಿನ ಸುಮಾರು 70% ದೂರ ಮಾತ್ರ ಓಡಿಸುತ್ತೆ. ಪೆಟ್ರೋಲ್ ಲೀಟರಿಗೆ ಅಲ್ಲಿನ ದುಡ್ಡಲ್ಲಿ 6 ರಿಯಲ್ ಇದೆ ಅಂದ್ಕೊಳ್ಳಿ, ಉತ್ತರ 4.20. ಎಥನಾಲ್ ಅದಕ್ಕಿಂತ ಅಗ್ಗ ಇದ್ರೆ ಎಥನಾಲ್ ಹಾಕಿಸ್ತಾರೆ, ಇಲ್ಲಾಂದ್ರೆ ಪೆಟ್ರೋಲ್. ಅರ್ಧ ಅದು, ಅರ್ಧ ಇದು ಸುರಿದ್ರೂ ಕಾರು ಗೊಣಗಲ್ಲ.

ಈ ಲೆಕ್ಕದ ಬೇರು 1973ರ ತೈಲ ಬಿಕ್ಕಟ್ಟಿನಲ್ಲಿದೆ. ಆದ್ರೆ ಅಲ್ಲಿಂದ ಇಲ್ಲಿಗೆ ದಾರಿ ನೆಟ್ಟಗಿರಲಿಲ್ಲ. ನಡುವೆ ಇಡೀ ಯೋಜನೆ ಒಮ್ಮೆ ಮಕಾಡೆ ಮಲಗಿತ್ತು. ನಾವು ಹೆಚ್ಚು ಹೊತ್ತು ನಿಲ್ಲೋದು ಅಲ್ಲೇ.

[ಪರದೆ: 1973 – 3 ಡಾಲರ್. 1974 – 12 ಡಾಲರ್]

1973ರ ಅಕ್ಟೋಬರ್‌ನಲ್ಲಿ ಅರಬ್-ಇಸ್ರೇಲ್ ಯುದ್ಧ, ಹಿಂದೆಯೇ ಅರಬ್ ದೇಶಗಳ ತೈಲ ನಿರ್ಬಂಧ. ಬ್ಯಾರೆಲ್‌ಗೆ 3 ಡಾಲರ್ ಆಸುಪಾಸಿನಲ್ಲಿದ್ದ ಬೆಲೆ 1974ರ ಜನವರಿ ಹೊತ್ತಿಗೆ 12 ಡಾಲರ್ ಹತ್ತಿರ. ಬ್ರೆಜಿಲ್ ಆಗ ತನಗೆ ಬೇಕಾದ ತೈಲದಲ್ಲಿ ಸುಮಾರು 80% ಹೊರಗಿಂದ ತರ್ತಿತ್ತು.

ಅದರ ಮೇಲೊಂದು ಏಟು. 1974ರ ಕೊನೆಗೆ ಆಕಾಶ ಮುಟ್ಟಿದ್ದ ಸಕ್ಕರೆಯ ಜಾಗತಿಕ ಬೆಲೆ ದಬದಬ ಬಿತ್ತು. ಕಾರ್ಖಾನೆ ದೊಡ್ಡದು ಮಾಡಿಕೊಂಡು ಕೂತಿದ್ದ ಮಾಲೀಕರ ಹತ್ತಿರ ಕಬ್ಬಿದೆ, ಗಿರಾಕಿ ಇಲ್ಲ. ಎರಡೂ ಕಷ್ಟ ಒಟ್ಟಿಗೆ ಬಂದದ್ದರಿಂದಲೇ 1975ರ ನವೆಂಬರ್ 14ರಂದು ಅಧ್ಯಕ್ಷ ಅರ್ನೆಸ್ಟೊ ಗೈಸೆಲ್ ಕಬ್ಬಿನ ಎಥನಾಲ್ ಅನ್ನ ಕಾರಿನ ಇಂಧನ ಮಾಡೋ ‘ಪ್ರೊಆಲ್ಕೂಲ್’ ಯೋಜನೆಗೆ ಸಹಿ ಹಾಕಿದ್ರು. ತಮಾಷೆ ಅಂದ್ರೆ, ಈ ಮಿಲಿಟರಿ ಜನರಲ್ ಅದಕ್ಕೆ ಮುಂಚೆ ಸರ್ಕಾರಿ ತೈಲ ಕಂಪನಿ ಪೆಟ್ರೊಬ್ರಾಸ್‌ನ ಮುಖ್ಯಸ್ಥರಾಗಿದ್ದವರು.

ಪೆಟ್ರೋಲಿಗೆ ಎಥನಾಲ್ ಬೆರೆಸೋದು ಅಲ್ಲಿ ಹೊಸದೇನಲ್ಲ. ಆಮದು ಪೆಟ್ರೋಲಿಗೆ 5% ಬೆರೆಸಬೇಕು ಅಂತ 1931ರಲ್ಲೇ ಆದೇಶ ಇತ್ತು. ಬಿಕ್ಕಟ್ಟು ಬಂದಾಗ ಅಟ್ಟದ ಮೇಲಿದ್ದ ಪಾತ್ರೆಯನ್ನ ಕೆಳಗಿಳಿಸಿ ತೊಳೆದ್ರು, ಅಷ್ಟೇ. 1979ರಲ್ಲಿ ಇರಾನ್ ಕ್ರಾಂತಿಯಿಂದ ಬೆಲೆ ಮತ್ತೆ ಏರಿದಾಗ ಮಾತ್ರ ನಿಜವಾದ ಜಿಗಿತ: ಪೆಟ್ರೋಲೇ ಬೇಡ, ಬರೀ ಎಥನಾಲ್‌ನಲ್ಲಿ ಓಡೋ ಕಾರು.

[ದೃಶ್ಯ: ಬಿಚ್ಚಿಟ್ಟ ಕಾರ್ಬ್ಯುರೇಟರ್, ಹತ್ತಿರದಿಂದ]

ಸಾವೊ ಜೊಸೆ ದೊಸ್ ಕಾಂಪೊಸ್‌ನ ವಾಯುಯಾನ ಸಂಶೋಧನಾ ಕೇಂದ್ರದಲ್ಲಿ ಎಂಜಿನಿಯರ್ ಉರ್ಬಾನೊ ಸ್ಟುಂಪ್ಫ್ ತಂಡ ಎಂಜಿನ್ ಸಿದ್ಧ ಮಾಡ್ತು. 1979ರಲ್ಲಿ ಫಿಯಟ್ 147 ಬಂತು, ಸಾಲುಸಾಲಾಗಿ ತಯಾರಾದ ಮೊದಲ ಎಥನಾಲ್ ಕಾರು. ಹೊಗೆಗೆ ಕಬ್ಬಿನ ಸಾರಾಯಿ ವಾಸನೆ, ಅದಕ್ಕೇ ಜನ ಇಟ್ಟ ಅಡ್ಡಹೆಸರು ‘ಕಶಾಸಿಂಯಾ’, ಅಂದ್ರೆ ಪುಟಾಣಿ ಸಾರಾಯಿ.

ಏನೇನು ಬದಲಿಸಬೇಕಾಯ್ತು ನೋಡಿ. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯೋಕೆ 14.7 ಕೆ.ಜಿ. ಗಾಳಿ ಬೇಕು, ಎಥನಾಲ್‌ಗೆ ಸುಮಾರು 9 ಸಾಕು. ಅಂದ್ರೆ ಅಷ್ಟೇ ಗಾಳಿಗೆ ಜಾಸ್ತಿ ಇಂಧನ ಹೋಗಬೇಕು, ಕಾರ್ಬ್ಯುರೇಟರ್‌ನಲ್ಲಿ, ಅಂದ್ರೆ ಗಾಳಿಗೆ ಇಂಧನ ಬೆರೆಸೋ ಭಾಗದಲ್ಲಿ, ಇಂಧನ ಹೊರಬರೋ ‘ಜೆಟ್’ ತೂತು ದೊಡ್ಡದಾಗಬೇಕು. ಎಥನಾಲ್‌ನ ಆಕ್ಟೇನ್ ಜಾಸ್ತಿ, ಅಂದ್ರೆ ಒತ್ತಡ ತಡೆಯೋ ಗುಣ ಜಾಸ್ತಿ, ಹೊತ್ತಿಗೆ ಮುಂಚೆ ತಾನೇ ಹೊತ್ತಿಕೊಂಡು ಎಂಜಿನ್ ಬೇಗ ‘ನಾಕ್’ ಆಗಲ್ಲ. ಹಾಗಾಗಿ 7-8:1 ಇದ್ದ ಕಂಪ್ರೆಷನ್ ಅನುಪಾತವನ್ನ (ಉರಿಯೋ ಮೊದಲು ಗಾಳಿ-ಇಂಧನವನ್ನ ಎಷ್ಟು ಪಟ್ಟು ಒತ್ತುತ್ತೆ ಅನ್ನೋದನ್ನ) 11-12:1ರ ತನಕ ಏರಿಸಬಹುದು. ಎಥನಾಲ್‌ನಲ್ಲಿ ಶಕ್ತಿ ಲೀಟರಿಗೆ 21 ಮೆಗಾಜೂಲ್, ಪೆಟ್ರೋಲಿನಲ್ಲಿ 32. ಆ ಕೊರತೆಯಲ್ಲಿ ಸ್ವಲ್ಪ ಭಾಗವನ್ನ ಈ ಒತ್ತಡವೇ ತುಂಬಿಕೊಡುತ್ತೆ.

ಎಡವಿದ್ದು ಲೋಹದಲ್ಲಿ. ಬಂಕಿನಲ್ಲಿ ಸಿಗೋ ಎಥನಾಲ್‌ನಲ್ಲಿ 4-5% ನೀರು ಇರುತ್ತೆ, ಮಾಮೂಲಿ ಭಟ್ಟಿಯಲ್ಲಿ ಅದಕ್ಕಿಂತ ಒಣಗಿಸೋಕೆ ಆಗಲ್ಲ. ಆ ನೀರು ಸತು ಮಿಶ್ರಲೋಹದ ಕಾರ್ಬ್ಯುರೇಟರನ್ನ ತಿಂದು ಬಿಳಿ ಪುಡಿ ಮಾಡ್ತು, ಪುಡಿ ಜೆಟ್‌ನಲ್ಲಿ ಸಿಕ್ಕಿಕೊಳ್ತು, ಕಾರು ನಿಲ್ತು. ಟ್ಯಾಂಕ್ ಒಳಗಿನ ಸೀಸ-ತವರದ ಲೇಪನ ಕರಗ್ತು, ರಬ್ಬರ್ ಪೈಪ್ ಉಬ್ಬಿತು. ಪರಿಹಾರ: ಕಾರ್ಬ್ಯುರೇಟರ್‌ಗೆ ನಿಕಲ್ ಲೇಪನ, ಟ್ಯಾಂಕಿಗೆ ಬರೀ ತವರ, ಬೇರೆ ಜಾತಿಯ ರಬ್ಬರ್. ಇನ್ನೊಂದು ಕಾಟ ಚಳಿ. ಸುಮಾರು 15 ಡಿಗ್ರಿಗಿಂತ ಕೆಳಗೆ ಎಥನಾಲ್ ಸರಿಯಾಗಿ ಆವಿಯಾಗಲ್ಲ. ಅದಕ್ಕೆ ಬಾನೆಟ್ ಒಳಗೆ ಒಂದು ಪುಟ್ಟ ಪೆಟ್ರೋಲ್ ಡಬ್ಬಿ, ಬೆಳಗ್ಗೆ ನಾಲ್ಕು ಹನಿ ಚಿಮುಕಿಸಿ ಸ್ಟಾರ್ಟ್ ಮಾಡೋದು. ಬೇಸಿಗೆಯಿಡೀ ಮುಟ್ಟದೆ ಬಿಟ್ರೆ ಆ ಪೆಟ್ರೋಲ್ ಅಂಟಾಗಿ ನಳಿಕೆಯನ್ನೇ ಮುಚ್ಚಿಬಿಡ್ತಿತ್ತು.

1981ರಲ್ಲಿ ಇಂಥ ರಗಳೆಗಳಿಂದ ಮಾರಾಟ ಕುಸಿಯಿತು. ಆಮೇಲೆ ಕಾರು ಸುಧಾರಿಸ್ತು, ಎಥನಾಲ್ ಬೆಲೆ ಪೆಟ್ರೋಲಿನ 65% ದಾಟಲ್ಲ ಅಂತ ಸರ್ಕಾರದ ಭರವಸೆಯೂ ಇತ್ತು. 1980ರ ದಶಕದ ನಡುವೆ ಮಾರಾಟವಾದ ಹೊಸ ಕಾರುಗಳಲ್ಲಿ 90%ಕ್ಕೂ ಹೆಚ್ಚು ಎಥನಾಲ್ ಕಾರುಗಳೇ.

[ಪರದೆ ಕಪ್ಪು. 1986]

ಇಲ್ಲಿಗೆ ವಿಡಿಯೋ ನಿಲ್ಲಿಸಿದ್ರೆ ಚೆಂದದ ಕಥೆ. ಆದ್ರೆ 1986ರಲ್ಲಿ ಕಚ್ಚಾ ತೈಲದ ಬೆಲೆ ಅರ್ಧಕ್ಕಿಂತ ಕೆಳಗೆ ಬಿತ್ತು. ಪೆಟ್ರೋಲ್ ಅಗ್ಗವಾದ್ಮೇಲೆ ಎಥನಾಲ್‌ಗೆ ಕೊಡೋ ಸಬ್ಸಿಡಿ ಸಾಲದಲ್ಲಿದ್ದ ಖಜಾನೆಗೆ ಭಾರ. ಅದೇ ಹೊತ್ತಿಗೆ ಸಕ್ಕರೆ ಬೆಲೆ ಚೇತರಿಸಿಕೊಳ್ತು. ಕಬ್ಬಿನ ಹಾಲು ಒಂದೇ, ಅದನ್ನ ಕುದಿಸಿ ಸಕ್ಕರೆ ಮಾಡಬಹುದು, ಹುಳಿ ಬರಿಸಿ ಎಥನಾಲ್ ಮಾಡಬಹುದು. ಕಾರ್ಖಾನೆಗಳು ದುಡ್ಡಿರೋ ಕಡೆ ತಿರುಗಿದ್ವು. 1989ರಲ್ಲಿ ಬಂಕುಗಳಲ್ಲಿ ಎಥನಾಲ್ ಇಲ್ಲ. ಲಕ್ಷಾಂತರ ಜನರ ಕಾರು ಕುಡಿಯೋದು ಅದೊಂದನ್ನೇ. ಕಬ್ಬಿನ ನಾಡು ಹೊರದೇಶದಿಂದ ಮೆಥನಾಲ್ ಅನ್ನೋ ಇನ್ನೊಂದು ಆಲ್ಕೋಹಾಲ್ ತರಿಸಿ ಬೆರೆಸಬೇಕಾಯ್ತು. ಜನ ಇದನ್ನ ಮರೀಲಿಲ್ಲ. 1990ರ ದಶಕದ ಕೊನೆಗೆ ಹೊಸ ಕಾರುಗಳಲ್ಲಿ ಎಥನಾಲ್ ಕಾರಿನ ಪಾಲು 1%ರ ಆಸುಪಾಸು.

ತೈಲ ಬಿಕ್ಕಟ್ಟಿನಿಂದ ಬದಲಾವಣೆ ಬರುತ್ತಾ ಅನ್ನೋ ಪ್ರಶ್ನೆಗೆ ನಮ್ಮ ಉತ್ತರ ಈ ಹತ್ತು ವರ್ಷದಲ್ಲಿದೆ. ಬರುತ್ತೆ. ಆದ್ರೆ ತೈಲ ಮತ್ತೆ ಅಗ್ಗವಾದ ದಿನ ಅದು ನಿಲ್ಲುತ್ತಾ ಅನ್ನೋದನ್ನ ಬಿಕ್ಕಟ್ಟಿನಲ್ಲಿ ಯಾರೂ ಯೋಚಿಸಿರಲ್ಲ. ಬ್ರೆಜಿಲ್ ಇಂಧನ ಬದಲಿಸಿತ್ತು, ಗ್ರಾಹಕನ ಕೈಕಟ್ಟು ಮಾತ್ರ ಬಿಚ್ಚಿರಲಿಲ್ಲ. ಮುಂಚೆ ಅರಬ್ ಶೇಖ್ ಹಿಡಿತ, ಆಮೇಲೆ ಸಕ್ಕರೆ ಮಾಲೀಕನ ಹಿಡಿತ.

[ದೃಶ್ಯ: ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್]

ಗಂಟು ಬಿಚ್ಚಿದ್ದು 2003ರ ಮಾರ್ಚ್‌ನಲ್ಲಿ ಬಂದ ಫೋಕ್ಸ್‌ವ್ಯಾಗನ್ ಗೋಲ್ ಟೋಟಲ್ ಫ್ಲೆಕ್ಸ್. ಫ್ಲೆಕ್ಸ್ ಅಂದ್ರೆ ಪೆಟ್ರೋಲ್, ಎಥನಾಲ್, ಎರಡರ ಮಿಶ್ರಣ ಯಾವುದರಲ್ಲೂ ಓಡೋ ಕಾರು. ಅಮೆರಿಕದ ಹಳೇ ಫ್ಲೆಕ್ಸ್ ಕಾರುಗಳಲ್ಲಿ ಎಥನಾಲ್ ಪ್ರಮಾಣ ಅಳೆಯೋಕೆ ಇಂಧನದ ಪೈಪಿಗೇ ಒಂದು ದುಬಾರಿ ಸೆನ್ಸರ್ ಇರ್ತಿತ್ತು. ಬ್ರೆಜಿಲ್‌ನ ಎಂಜಿನಿಯರ್‌ಗಳು ಅದನ್ನ ಬಿಟ್ರು. ಹೊಗೆಯಲ್ಲಿ ಆಮ್ಲಜನಕ ಅಳೆಯೋ ಸೆನ್ಸರ್ ಕಾರಿನಲ್ಲಿ ಹೇಗೂ ಇದೆಯಲ್ಲ. ಟ್ಯಾಂಕ್ ತುಂಬಿದ್ಮೇಲೆ ಹೊಗೆಯಲ್ಲಿ ಆಮ್ಲಜನಕ ಜಾಸ್ತಿ ಉಳೀತಿದೆ ಅಂದ್ರೆ ಎಥನಾಲ್ ಬಂದಿದೆ ಅಂತ ಅರ್ಥ, ಇಂಜೆಕ್ಟರ್ ಇನ್ನಷ್ಟು ಹೊತ್ತು ತೆರೆದಿರಲಿ. ಕಡಿಮೆ ಇದ್ರೆ ಉಲ್ಟಾ. ಸೇರಿದ್ದು ಮುಖ್ಯವಾಗಿ ಸಾಫ್ಟ್‌ವೇರ್. ಇದರಲ್ಲೂ ಒಂದು ಪೇಚಿದೆ: ಪೆಟ್ರೋಲ್‌ನಿಂದ ಪೂರ್ತಿ ಎಥನಾಲ್‌ಗೆ ಬದಲಿಸಿ, ಓಡಿಸದೆ ಸೀದಾ ಮನೇಲಿ ನಿಲ್ಲಿಸಿದ್ರೆ ಕಂಪ್ಯೂಟರ್ ಇನ್ನೂ ಕಲಿತಿರಲ್ಲ, ಮರುದಿನ ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ. ಅದಕ್ಕೆ ಬಂಕಿನಿಂದ ಕೆಲವು ಕಿ.ಮೀ. ಓಡಿಸಿಯೇ ನಿಲ್ಲಿಸಬೇಕು.

ಇವತ್ತು ಅಲ್ಲಿ ಮಾರಾಟವಾಗೋ ಹೊಸ ಕಾರುಗಳಲ್ಲಿ ಬಹುಪಾಲು ಫ್ಲೆಕ್ಸ್. ‘ಪೆಟ್ರೋಲ್’ ಅಂತ ಮಾರೋದರಲ್ಲೂ 2025ರ ಆಗಸ್ಟ್‌ನಿಂದ 30% ಎಥನಾಲ್.

ಇನ್ನೊಂದು ಲಾಭ ಯಾರೂ ಹೆಚ್ಚು ಹೇಳಲ್ಲ. ಆಕ್ಟೇನ್ ಏರಿಸೋಕೆ ಪೆಟ್ರೋಲಿಗೆ ಸೀಸ ಬೆರೆಸೋ ಕಾಲ ಅದು. ಎಥನಾಲ್ ಆ ಕೆಲಸ ಮಾಡಿದ್ದರಿಂದ ಸೀಸವನ್ನ ಪೂರ್ತಿ ಕೈಬಿಟ್ಟ ಮೊದಲ ದೇಶಗಳಲ್ಲಿ ಬ್ರೆಜಿಲ್ ಒಂದು. ಮಕ್ಕಳ ಮಿದುಳಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಬೇಕಾ?

ಗಲೀಜೂ ಅಷ್ಟೇ ಇತ್ತು. ಒಂದು ಲೀಟರ್ ಎಥನಾಲ್ ಮಾಡಿದ್ರೆ 10 ಲೀಟರಿಗೂ ಹೆಚ್ಚು ಸ್ಪೆಂಟ್ ವಾಶ್, ಅಂದ್ರೆ ಭಟ್ಟಿಯ ಕೊಳೆ ನೀರು, ಉಳಿಯುತ್ತೆ. ಮೊದಮೊದಲು ಅದನ್ನ ನದಿಗೆ ಬಿಟ್ಟು ಮೀನುಗಳೆಲ್ಲ ಸತ್ವು. ಆಮೇಲೆ ನಿಷೇಧ ಬಂದು, ಪೊಟ್ಯಾಷ್ ಇರೋ ಗೊಬ್ಬರ ಅಂತ ಗದ್ದೆಗೆ ಹಾಯಿಸೋಕೆ ಶುರು ಮಾಡಿದ್ರು. ರವದಿಗೆ, ಅಂದ್ರೆ ಕಬ್ಬಿನ ಒಣ ಎಲೆಗೆ, ಬೆಂಕಿ ಹಚ್ಚಿ, ಆ ಬೂದಿಯಲ್ಲೇ ನಿಂತು ಕಬ್ಬು ಕಡಿದ ಕೂಲಿಗಳ ಬದುಕು ಸುಧಾರಿಸೋಕೆ ದಶಕಗಳು ಬೇಕಾದ್ವು.

[ದೃಶ್ಯ: ಬೆಳಗಾವಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳು]

ಈಗ ನಮ್ಮ ಬಂಕಿಗೆ ಬನ್ನಿ. ಇಲ್ಲಿ ಬಹುತೇಕ ಕಡೆ E20, ಅಂದ್ರೆ 20% ಎಥನಾಲ್ ಬೆರೆತ ಪೆಟ್ರೋಲ್, ಒಂದೇ ನಳಿಕೆ. ಶಕ್ತಿಯ ಲೆಕ್ಕದಲ್ಲಿ ಶುದ್ಧ ಪೆಟ್ರೋಲಿಗಿಂತ ಲೀಟರಿಗೆ 6-7% ಕಡಿಮೆ. ಆದ್ರೆ 0.7ರ ಗುಣಾಕಾರ ಹಾಕೋ ಅವಕಾಶ ಗ್ರಾಹಕನಿಗಿಲ್ಲ, ಬೆಲೆಯಲ್ಲಿ ಆ ಕಡಿತವೂ ಕಾಣಲ್ಲ. ಸಾವೊ ಪಾಲೊದ ಕಬ್ಬು ಬಹುತೇಕ ಮಳೆಯಲ್ಲೇ ಬೆಳೆಯುತ್ತೆ, ಮಂಡ್ಯ-ಬೆಳಗಾವಿ-ಬಾಗಲಕೋಟೆ ಕಬ್ಬಿಗೆ ನಾಲೆ ಅಥವಾ ಬೋರ್‌ವೆಲ್ ಬೇಕು. 2023ರಲ್ಲಿ ಮಳೆ ಕೈಕೊಟ್ಟಾಗ ಸಕ್ಕರೆ ಕೊರತೆಯ ಭಯದಿಂದ ಕೇಂದ್ರ ಸರ್ಕಾರ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನಿಂದ ಎಥನಾಲ್ ಮಾಡೋದಕ್ಕೆ ಕಡಿವಾಣ ಹಾಕ್ತು. 1989ರದ್ದೇ ಜಗಳ, ಊರು ಬೇರೆ. ಮೆಕ್ಕೆಜೋಳ, ಅಕ್ಕಿಯಿಂದಲೂ ಎಥನಾಲ್ ಮಾಡ್ತಿರೋದರಿಂದ ಬಂಕು ಖಾಲಿಯಾಗಲಿಲ್ಲ, ಆದ್ರೆ ಆ ದಾರಿಯಿಂದ ಕೋಳಿ ಸಾಕೋರಿಗೆ ಬೇಕಾದ ಮೆಕ್ಕೆಜೋಳ ದುಬಾರಿಯಾಗುತ್ತೆ.

ಹಳೇ ಗಾಡಿ ಇದ್ದೋರಿಗೆ ಬ್ರೆಜಿಲ್‌ನ 1979ರ ಪಟ್ಟಿ ಇವತ್ತಿಗೂ ಉಪಯೋಗಕ್ಕೆ ಬರುತ್ತೆ. ಸರ್ವಿಸ್‌ಗೆ ಬಿಟ್ಟಾಗ ಫ್ಯೂಯೆಲ್ ಪೈಪನ್ನ ಬೆರಳಲ್ಲಿ ಒತ್ತಿ ನೋಡಿ, ಮೆತ್ತಗಾಗಿದ್ರೆ ಅಥವಾ ಬಿರುಕು ಕಂಡ್ರೆ ಎಥನಾಲ್ ತಡೆಯೋ ಪೈಪ್ ಹಾಕಿಸಿ. ಕಾರ್ಬ್ಯುರೇಟರ್ ಗಾಡಿಯಾದ್ರೆ ಫ್ಲೋಟ್ ಬೌಲ್ (ಕಾರ್ಬ್ಯುರೇಟರ್ ಕೆಳಗಿನ ಇಂಧನದ ಬಟ್ಟಲು) ಬಿಚ್ಚಿಸಿ ಬಿಳಿ ಪುಡಿ ಇದೆಯಾ ನೋಡಿ. ಎಥನಾಲ್ ಟ್ಯಾಂಕಿನ ಹಳೇ ಕೊಳೆಯನ್ನ ಸಡಿಲ ಮಾಡುತ್ತೆ, ಅದು ಬಂದು ಕೂರೋದು ಫಿಲ್ಟರ್‌ನಲ್ಲಿ, ಒಮ್ಮೆ ಬದಲಿಸಿ. ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಒಳಗೆ ಸೇರಿದ ನೀರು ಮಿತಿ ದಾಟಿದ್ರೆ ಎಥನಾಲ್ ಪೆಟ್ರೋಲನ್ನ ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತೆ, ಎಂಜಿನ್ ಮೊದಲು ಎಳೆಯೋದು ಆ ತಳದ್ದನ್ನೇ. ಹಾಗಾದ್ರೆ ಕಿಕ್ ಹೊಡೀತಾ ಕೂರಬೇಡಿ, ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ ಹೊಸದಾಗಿ ತುಂಬಿಸಿ.