ಶಿರಾ ಯಾಕ ಗರಿ ಕಿತ್ಕೋತಿತ್ತು

ನಮಸ್ಕಾರ್ರೀ ಎಲ್ಲಾರಿಗೂ. ನಾನು ಗಂಗಾವತಿಯಾಕಿ, ಮನ್ಯಾಗ ಟೇಲರಿಂಗ್ ಮಾಡ್ತೀನಿ, ಬ್ಲೌಸು ಫಾಲು ಅಂತ ದಿನಾ ಹೆಣ್ಮಕ್ಳು ಬಂದು ಹೋಗ್ತಿರ್ತಾರ. ಹೋದ ವರ್ಷ ಬ್ಯಾಸಿಗಿ ಚಾಲೂ ಆಗೂ ಮುಂದ ನಮ್ಮ ನಾದಿನಿ ಮಗ ಬೆಂಗಳೂರಿಂದ ಒಂದು ಪಂಜರ ತಂದು, ಅತ್ತಿ ನಂಗ ಬ್ಯಾರೆ ಕಡೆ ಕೆಲಸ ಸಿಕ್ಕೈತಿ, ಆ ರೂಮ್‌ನ್ಯಾಗ ಹಕ್ಕಿ ಇಡಾಕ ಬಿಡಂಗಿಲ್ಲ, ನೀವಾ ಸಾಕ್ರಿ ಅಂತ ನನ್ನ ಮಷೀನ್ ಬಾಜೂಕ ಇಟ್ಟು ಹೋದ. ಒಳಗ ಸನ್ ಕನ್ಯೂರ್ ಅನ್ನೋ ಗಿಣಿ, 8 ತಿಂಗಳ ಮರಿ. ಹಸಿರು ಹಳದಿ ಕಲಸಿದಂಥ ಮೈ, ತಲಿ ಅಷ್ಟ ಶಿರಾದ ಬಣ್ಣ, ಅದಕ್ಕ ನನ್ನ ಮಗಳು ಶಿರಾ ಅಂತಾನ ಹೆಸರಿಟ್ಳು. ಗಂಡೋ ಹೆಣ್ಣೋ ನೋಡಿದ್ರ ಗೊತ್ತಾಗಂಗಿಲ್ಲ, ಡಿಎನ್‌ಎ ಟೆಸ್ಟ್ ಮಾಡಿಸ್ಬೇಕಂತ, ನಾವಿನ್ನೂ ಮಾಡಿಸಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಆಮ್ಯಾಲೆ ಮರೀತೀನಿ. ನಮ್ಮ ಕಡೆ ಗಿಡದ ಪೊಟರಿಗೆ ಕೈ ಹಾಕಿ ಮರಿ ತೆಗೆದು ಮಾರ್ತಾರಲ್ಲ, ಕೊಳ್ಳಾಗ ಕೆಂಪು ಪಟ್ಟಿ ಇರೋ ಹಸಿರು ಗಿಣಿ, ಅದನ್ನ ಮನ್ಯಾಗ ಸಾಕೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಹಂಗ ಯಾರರ ತಂದು ಕೊಟ್ರ ಅರಣ್ಯ ಇಲಾಖೆಯವರಿಗೆ ತಿಳಿಸ್ರಿ. ಶಿರಾನ ಜಾತಿ ಹೊರದೇಶದ್ದು, ಬ್ರೆಜಿಲ್ಲು ಗಯಾನಾ ಕಡೇದು, ಇಂಥಾವಕ್ಕ ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಅನ್ನೋ ವೆಬ್‌ಸೈಟಿನ್ಯಾಗ ನೋಂದಣಿ ಬೇಕು, ಕೈ ಬದಲಾದ್ರ ಅದನ್ನೂ ತಿಳಿಸ್ಬೇಕು. ನಮ್ಮ ಹುಡುಗ ಕಾಗದ ಸರಿ ಇಟ್ಟಿದ್ದ, ಅಷ್ಟು ಪುಣ್ಯ.

ಎರಡನೇ ವಾರ ಮುಂಜಾನೆ ಕಸ ಹೊಡೆಯೂ ಮುಂದ ನೋಡ್ತೀನಿ, ಪಂಜರದ ಕೆಳಗ ಸಣ್ಣ ಸಣ್ಣ ಹಳದಿ ಗರಿ. ನಾನು ಬಟ್ಟಿ ಚೂರು ಇರ್ಬೇಕು ಅನ್ಕೊಂಡೆ. ಬಗ್ಗಿ ತಗೊಂಡ್ರ ಗರಿ, ಅದರ ದಂಟು ಕಡಿದು ಜಜ್ಜಿದಂಗ ಆಗೇತಿ, ಒಂದೆರಡರ ಬುಡಕ್ಕ ರಕ್ತ. ಪಂಜರದಾಗ ಶಿರಾ ಎದಿ ಕಡೆ ಕುತ್ತಿಗಿ ಬಗ್ಗಿಸಿ ಚಕ್ ಅಂತ ಇನ್ನೊಂದು ಕಿತ್ತು ಕೆಳಗ ಬಿಡ್ತು. ನಾನು ಏ ಏ ಏ ಅಂತ ಚೀರಿ ಓಡಿ ಹೋದೆ.

ಬರೋ ಗಿರಾಕಿಗೆಲ್ಲ ಒಂದೊಂದು ಔಷಧ ಗೊತ್ತಿತ್ರೀ. ಕೊಬ್ರಿ ಎಣ್ಣಿ ಹಚ್ಚು, ಅರಿಶಿಣ ಹಚ್ಚು, ದೃಷ್ಟಿ ಆಗೇತಿ ಮೆಣಸಿನಕಾಯಿ ನಿವಾಳಿಸು, ಅಂಗಡಿಯಾಂವ ಒಬ್ಬಾಂವ ನಾಯಿ ಉಣ್ಣಿಗೆ ಹಾಕೋ ಪೌಡರ್ ಉದುರಿಸ್ರಿ ಅಂದ. ಪೌಡರ್ ನಾನು ಹಾಕ್ಲಿಲ್ಲ, ಅದೆಷ್ಟು ಚಲೋ ಆತು ಅಂತ ಡಾಕ್ಟರ್ ಆಮ್ಯಾಲೆ ಅಂದ್ರು, ಹಕ್ಕಿಗೆ ಅದು ವಿಷ ಆಗಬಹುದು. ಎಣ್ಣಿ ಮಾತ್ರ ಹಚ್ಚಿದ್ದೆ, ತಪ್ಪು ಮಾಡಿದೆ. ಎಣ್ಣಿ ಹತ್ತಿದ ಗರಿ ಅಂಟಂಟಾಗಿ ಅದಕ್ಕ ಇನ್ನಷ್ಟು ಕಿರಿಕಿರಿ ಆತು, ಇನ್ನಷ್ಟು ಕಿತ್ತುಕೊಂತು.

ಡಾಕ್ಟರ್ ಕಡೆ ಹೋಗೋದೂ ಸಸಾರ ಇರ್ಲಿಲ್ಲ. ನಮ್ಮ ಕಡೆ ಎಮ್ಮಿ ಆಕಳು ಕುರಿ ನೋಡೋರು ಅದಾರ, ಗಿಣಿ ನೋಡೋರು ಕಮ್ಮಿ. ಕೊಪ್ಪಳದಾಚೆ ಗದಗಿನ್ಯಾಗ ಪಶುವೈದ್ಯಕೀಯ ಕಾಲೇಜು ಐತಿ, ಬೀದರಿನ್ಯಾಗಂತೂ ಯೂನಿವರ್ಸಿಟಿನ ಐತಿ, ಹಕ್ಕಿ ತಿಳಿದೋರು ಯಾರಂತ ಅಂಥಲ್ಲಿ ಫೋನ್ ಹಚ್ಚಿ ಕೇಳಬೇಕ್ರೀ. ನನಗ ಸಿಕ್ಕ ಡಾಕ್ಟರು ಮೊದಲು ತಲಿ ನೋಡಿದ್ರು. ತಲಿ ಮ್ಯಾಲಿನ ಗರಿ ನೀಟಾಗಿ ಇದ್ವು. ತನ್ನ ತಲಿ ತನ್ನ ಕೊಕ್ಕಿಗೆ ಸಿಗಂಗಿಲ್ಲಲ್ಲ, ಮೈಯೆಲ್ಲಾ ಬೋಳಾಗಿ ತಲಿ ತುಂಬಿಕೊಂಡಿದ್ರ ಅದು ತಾನಾ ಕಿತ್ಕೊಳ್ಳಾಕ ಹತ್ತೇತಿ ಅಂತ ಅರ್ಥ, ತಲಿನೂ ಬೋಳಾದ್ರ ರೋಗ ಇರ್ಬಹುದು ಇಲ್ಲಾ ಜೊತಿಗಿನ ಹಕ್ಕಿ ಕೀಳ್ತಿರ್ಬಹುದು. ಕೊಕ್ಕು ಗರಿ ಎರಡಕ್ಕೂ ಬರೋ ಒಂದು ವೈರಸ್ ರೋಗ ಐತಂತ, ಸಣ್ಣ ಮರಿಗಳಿಗೇ ಜಾಸ್ತಿ ಬರೋದು, ಅದಕ್ಕ ಗರಿ ರಕ್ತ ಟೆಸ್ಟಿಗೆ ಕಳಿಸಿದ್ರು, ಹಿಕ್ಕಿನೂ ಪರೀಕ್ಷೆ ಮಾಡಿದ್ರು. ರಿಪೋರ್ಟು ಬರೋತನಕ ನನಗ ಊಟ ಸೇರ್ಲಿಲ್ಲ. ಏನೂ ಇಲ್ಲ ಅಂತ ಬಂತು. ಮತ್ತ ರೆಕ್ಕಿ ಬಿಚ್ಚಿ ತೋರಿಸಿದ್ರು ನೋಡ್ರಿ, ಯಾರೋ ಹಾರಬಾರ್ದು ಅಂತ ಒಂದು ರೆಕ್ಕಿ ಗರಿ ಅಡ್ಡಾದಿಡ್ಡಿ ಕತ್ತರಿಸಿದ್ರು, ಆ ಚೂಪು ತುದಿ ಕುಂತಾಗೊಮ್ಮೆ ಪಕ್ಕಿಗೆ ಚುಚ್ಚೋದು. ನಾನು ದಿನಾ ಕತ್ತರಿ ಹಿಡಿಯಾಕಿ, ಇಷ್ಟು ಕೆಟ್ಟದಾಗಿ ಬಟ್ಟಿನೂ ಯಾರೂ ಕತ್ತರಿಸಂಗಿಲ್ಲ.

ಆಗ ಡಾಕ್ಟರು ಅಂದ್ರು, ಅಮ್ಮಾ ಔಷಧಕ್ಕಿಂತ ಮೊದಲು ಒಂದು ನೋಟ್‌ಬುಕ್ ಇಡ್ರಿ, ಯಾವಾಗ ಕಿತ್ಕೋತೈತಿ, ಆ ಹೊತ್ತಿನ್ಯಾಗ ಮನ್ಯಾಗ ಏನು ನಡದಿರ್ತೈತಿ, ಬರೀರಿ. ಅಳತಿ ಬರಿಯೋ ಬುಕ್ಕಿನ ಹಿಂದಿನ ಹಾಳಿಯಾಗ ಬರ್ಯಾಕ ಹತ್ತಿದೆ. ಹತ್ತು ದಿನ ಆದಮ್ಯಾಲೆ ನೋಡಿದ್ರ, ನನಗ ನಾಚಿಕಿ ಆತ್ರೀ. ಒಂದು, ಮಧ್ಯಾಹ್ನ ಮೂರರ ಸುಮಾರು, ಎಲ್ಲಾರೂ ಮಲಗಿರ್ತೀವಿ, ಕೂಲರ್ ಡರ್ ಅಂತ ಪಂಜರದ ಕಡೇನ ಬಡೀತಿರ್ತೈತಿ. ಎರಡನೇದು ರಾತ್ರಿ. ಮದುವಿ ಸೀಜನ್ನು, ಹನ್ನೆರಡರ ತನಕ ಲೈಟ್ ಹಚ್ಚಿ ಮಷೀನ್ ತುಳೀತಿದ್ದೆ, ಹಕ್ಕಿಗೆ 10ರಿಂದ 12 ತಾಸು ಕತ್ತಲಾಗ ನಿದ್ದಿ ಬೇಕು, ಅದಕ್ಕ ಸಿಗ್ತಿದ್ದದ್ದು ಐದು ತಾಸು. ಹಸಗೂಸಿಗೆ ಹಿಂಗ ಮಾಡಿದ್ರ ನಮ್ಮತ್ತಿ ನನ್ನ ಸುಮ್ನ ಬಿಡ್ತಿದ್ರೇನು?

ಅವತ್ತಿಂದ ಸಂಜಿ ಏಳಕ್ಕ ಪಂಜರ ಒಳಕೋಣಿಗೆ, ಮ್ಯಾಲೆ ತೆಳ್ಳನ್ನ ಕಾಟನ್ ಬಟ್ಟಿ, ಗಾಳಿ ಆಡೂ ಹಂಗ. ಕೂಲರ್ ಇನ್ನೊಂದು ದಿಕ್ಕಿಗೆ ತಿರುವಿದೆ. ಪಂಜರದ ಒಂದು ಬದಿ ಗೋಡಿಗೆ ಹಚ್ಚಿದೆ, ಸುತ್ತಲೂ ಬಯಲಾದ್ರ ಅದಕ್ಕ ಅಂಜಿಕಿ, ಅದ್ರಾಗ ನಮ್ಮ ಕಾಂಪೌಂಡ್ ಮ್ಯಾಲೆ ಒಂದು ಬೆಕ್ಕು ಬ್ಯಾರೆ ಬಂದು ಕುಂದ್ರತಿತ್ತು.

ಊಟದ ಮಾತು. ಹುಡುಗ ಬರೇ ಸೂರ್ಯಕಾಂತಿ ಬೀಜ ಹಾಕಿ ಸಾಕಿದ್ದ. ಅದ್ರಾಗ ಜಿಡ್ಡು ಬಹಳ, ವಿಟಮಿನ್ ಎ ಸಾಲಂಗಿಲ್ಲ, ಚರ್ಮ ಒಣಗ್ತೈತಿ. ಗಜ್ಜರಿ, ಕುಂಬಳಕಾಯಿ, ನುಗ್ಗಿ ಸೊಪ್ಪು, ಮೊಳಕಿ ಹೆಸರು, ಪೇರಲ ಅಂತ ಸಣ್ಣಗ ಶುರು ಮಾಡಿದೆ. ಮೊದಲ ವಾರ ಎಲ್ಲಾ ಎತ್ತಿ ಒಗೀತು. ಬೀಜ ಒಮ್ಮೆಗೇ ಬಂದ್ ಮಾಡಬ್ಯಾಡ್ರಿ, ಉಪವಾಸ ಬೀಳ್ತೈತಿ, ಅಡುಗಿ ತಕ್ಕಡಿ ಮ್ಯಾಲೆ ದಿನಾ ತೂಕ ನೋಡ್ಕೊಂಡು ನಿಧಾನಕ್ಕ ಕಮ್ಮಿ ಮಾಡ್ರಿ, ಶಿರಾ 108 ಗ್ರಾಂ ಇತ್ತು. ನಮ್ಮ ಕಡೆ ಭತ್ತ ಹತ್ತಿ ಮೆಣಸಿನಕಾಯಿಗೆ ಎಷ್ಟು ಕ್ರಿಮಿನಾಶಕ ಎಣ್ಣಿ ಹೊಡೀತಾರ ನಿಮಗೂ ಗೊತ್ತೈತಿ, ಸೊಪ್ಪು ಕಾಯಿ ಚಂದಗ ತೊಳೀರಿ. ಚಾ, ಚಾಕಲೇಟು, ಉಳ್ಳಾಗಡ್ಡಿ, ಬೆಣ್ಣೆಹಣ್ಣು ಮುಟ್ಟಿಸಬ್ಯಾಡ್ರಿ, ಮಿರ್ಚಿಬಜಿನೂ ಬ್ಯಾಡ. ಹಸಿಮೆಣಸಿನಕಾಯಿ ಕೊಡ್ರಿ ಬೇಕಾದ್ರ, ಹಕ್ಕಿಗೆ ಖಾರ ಹತ್ತಂಗಿಲ್ಲ.

ಇನ್ನ ನಗು ಬರೋ ಸಂಗತಿ. ಗಿಣಿಗೆ ಟೈಂಪಾಸಿಗೆ ಅಂತ ಆನ್‌ಲೈನ್‌ನ್ಯಾಗ ಮಿಲೆಟ್ ಸ್ಪ್ರೇ ಅಂತ ಮಾರ್ತಾರ, ರೊಕ್ಕ ಕೊಟ್ಟು ತರಿಸಿದೆ, ಡಬ್ಬಿ ಬಿಚ್ಚಿ ನಮ್ಮತ್ತಿ ಕೈಗೆ ಕೊಟ್ಟೆ. ಮುದುಕಿ ಹೊಳ್ಳಿಸಿ ನೋಡಿ, ಯವ್ವಾ ಇದು ನವಣಿ ತೆನಿ ಅಲ್ಲೇನ ಅಂದ್ಲು. ಹೌದ್ರೀ, ನವಣಿ ತೆನಿನ! ಈಗ ಕುಷ್ಟಗಿ ಕಡೆ ನಮ್ಮ ಬೀಗರ ಹೊಲದಿಂದ ಒಂದು ಕಟ್ಟು ಬರ್ತೈತಿ. ದಿನಕ್ಕ ಒಂದು ತುಣುಕಷ್ಟ. ಅದನ್ನೂ ಕೈಯಾಗ ಕೊಡಂಗಿಲ್ಲ, ಪೇಪರ್ ಕಪ್ಪಿನ್ಯಾಗ ತುರುಕಿ ಬಾಯಿ ಮಡಚಿ ನೇತು ಹಾಕ್ತೀನಿ, ಅದು ಹರಿದು ಹುಡುಕಿ ತಿನ್ನಬೇಕು. ಕೊಕ್ಕಿಗೆ ಕೆಲಸ ಇದ್ರ ಗರಿ ಕಡೆ ಹೋಗೋದು ಕಮ್ಮಿ. ಕುಂದ್ರಾಕ ಪ್ಲಾಸ್ಟಿಕ್ ಕೋಲು ತೆಗೆದು ಬೇವಿನ ಟೊಂಗಿ, ದಪ್ಪ ಸಣ್ಣ ಎರಡೂ. ಕಿನ್ನಾಳ ಗೊಂಬಿ ಚಂದ ಅಂತ ಪಂಜರದಾಗ ಇಡಬ್ಯಾಡ್ರಿ, ಬಣ್ಣ ಕೆರಕೊಂಡು ತಿಂತೈತಿ. ದಾರ ಅಂತೂ ಬ್ಯಾಡವಾ ಬ್ಯಾಡ, ಕಾಲಿಗೆ ಸುತ್ತಿದ್ರ ಬೆರಳು ಹೋಗ್ತೈತಿ, ಟೇಲರ್ ಮನ್ಯಾಗ ಇದು ಭಾರಿ ಭಯ.

ಇಸ್ತ್ರಿ ಪೆಟ್ಟಿಗಿ, ದ್ವಾಸಿ ತವಾಕ್ಕ ನಾನ್‌ಸ್ಟಿಕ್ ಕೋಟಿಂಗ್ ಇದ್ರ ಹಕ್ಕಿ ಇರೋ ಕೋಣ್ಯಾಗ ಬ್ಯಾಡ, ಅತಿಯಾಗಿ ಕಾದ್ರ ಅದರ ಹೊಗಿಗೆ ಹಕ್ಕಿ ನಿಮಿಷದಾಗ ಸಾಯ್ತೈತಿ. ಊದಿನಕಡ್ಡಿ, ಸೊಳ್ಳಿ ಬತ್ತಿ, ಬೀಡಿ ಹೊಗಿನೂ ದೂರ. ನಮ್ಮ ಬಿಸಲಿಗೆ ದಿನಾ ಮುಂಜಾನೆ ಉಗುರುಬೆಚ್ಚಗಿನ ಬರೇ ನೀರು ಸ್ಪ್ರೇ ಬಾಟಲಿಯಿಂದ ಮಂಜಿನಂಗ ಹೊಡೀತೀನಿ, ರೆಕ್ಕಿ ಅಗಲ ಮಾಡಿ ಕುಣೀತೈತಿ.

ನನಗ ಎಲ್ಲಾಕ್ಕಿಂತ ಕಷ್ಟ ಆಗಿದ್ದು ಸುಮ್ನಿರೋದು. ಅದು ಗರಿ ಹಿಡಿದಾಗೊಮ್ಮೆ ನಾನು ಚೀರಿ ಓಡ್ತಿದ್ದೆ, ಕಿತ್ತರ ನಾನು ಬರ್ತೀನಿ ಅಂತ ಅದು ಕಲಿತು. ಈಗ ಆ ಕಡೆ ತಿರುಗಂಗಿಲ್ಲ, ಮಷೀನ್ ತುಳೀತಾನ ಇರ್ತೀನಿ, ಅದು ಕಪ್ಪು ಹರಿಯೂ ಮುಂದ, ಹಾಡೂ ಮುಂದ ಹೋಗಿ ಮಾತಾಡಸ್ತೀನಿ. ಆದ್ರ ರಕ್ತ ಕಂಡ್ರ ಸುಮ್ನಿರಬ್ಯಾಡ್ರಿ, ಹೊಸ ಗರಿ ಬುಡದಾಗ ರಕ್ತ ಇರ್ತೈತಿ, ಕಾರ್ನ್‌ಫ್ಲೋರ್ ಹಚ್ಚಿ ಸ್ವಚ್ಛ ಬಟ್ಟಿಯಿಂದ ಒತ್ತಿ ಹಿಡೀರಿ, ನಿಲ್ಲದಿದ್ರ ಡಾಕ್ಟರ್ ಕಡೆ ಓಡ್ರಿ.

ಪೂರ್ತಿ ವಾಸಿ ಆಗೇತಿ ಅಂತ ನಾನು ಸುಳ್ಳು ಹೇಳಂಗಿಲ್ಲ. ಎದಿ ಮ್ಯಾಲೆ ಒಂದು ರೂಪಾಯಿ ಬಿಲ್ಲಿಯಷ್ಟು ಜಾಗ ಇನ್ನೂ ಬೋಳೈತಿ, ಪದೇ ಪದೇ ಕಿತ್ತ ಕಡೆ ಗರಿ ಬೇರು ಸತ್ತು ಮತ್ತ ಗರಿ ಬರದೇನೂ ಇರಬಹುದಂತ. ಉಳಿದ ಕಡೆ ತಿಂಗಳುಗಟ್ಲೆ ಆದಮ್ಯಾಲೆ ತುಂಬೇತಿ, ಹಸಿರು ಹೋಗಿ ಹಳದಿ ಏರಾಕ ಹತ್ತೇತಿ.

ನಿನ್ನೆ ಮಧ್ಯಾಹ್ನ ಮಷೀನ್ ಕೆಳಗ ಮತ್ತೊಂದು ಗರಿ ಬಿದ್ದಿತ್ತು. ಎದಿ ಧಸಕ್ ಅಂತು. ಬಾಗಲ ಕಡೆ ಬೆಳಕಿಗೆ ಹಿಡಿದು ನೋಡಿದೆ, ದಂಟು ನೆಟ್ಟಗೈತಿ, ಕಡಿದ ಗುರ್ತಿಲ್ಲ, ಬುಡ ಬಿಳಿ. ತಾನಾ ಉದುರಿದ್ದು. ಅಳತಿ ಬುಕ್ಕಿನ್ಯಾಗ ತಾರೀಕು ಬರೆದು ಗರಿ ಅಲ್ಲೇ ಇಟ್ಟೀನಿ. ಬರ್ತೀನ್ರೀ, ನಮಸ್ಕಾರ.